ಬಂದು ಹೋಗುವ ದೋಷವನ್ನು ಕಾದು ಹಿಡಿಯುವ ಅಂಗಡಿ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ, ಟಿಂಕರಿಂಗ್ ಶೆಡ್ಡುಗಳು ಮತ್ತು ಲೇತ್ ಅಂಗಡಿಗಳ ನಡುವೆ, ಹಳೆಯ ಕಾರುಗಳ ವೈರಿಂಗ್ ಕೆಲಸವನ್ನಷ್ಟೇ ಮಾಡುವ ಒಂದು ಸಣ್ಣ ಅಂಗಡಿ ಇದೆ. ನಮ್ಮ ಮನೆಯ 1997ರ ಮಾರುತಿ 800 ಕಾರನ್ನು ಆರು ತಿಂಗಳು ಕಾಡಿದ ವಿದ್ಯುತ್ ತೊಂದರೆಯನ್ನು ಈ ಅಂಗಡಿಯ ಯಜಮಾನರು ಎರಡು ದಿನಗಳಲ್ಲಿ ಪತ್ತೆ ಹಚ್ಚಿ ಸರಿಪಡಿಸಿಕೊಟ್ಟರು. ಅದಾಗಿ ಹತ್ತು ತಿಂಗಳು ಕಳೆದಿದೆ, ಮಲೆನಾಡಿನ ಒಂದು ಪೂರ್ತಿ ಮಳೆಗಾಲ ಮುಗಿದಿದೆ, ಕಾರು ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದೆ, ಆ ದೋಷ ಒಮ್ಮೆಯೂ ಮರಳಿಲ್ಲ. ಇಷ್ಟು ಕಾಲ ಕಾದ ಮೇಲೆಯೇ ಬರೆಯಬೇಕೆಂದು ನಾನು ಮೊದಲೇ ನಿರ್ಧರಿಸಿದ್ದೆ, ಏಕೆಂದರೆ ಒಮ್ಮೆ ಬಂದು ಒಮ್ಮೆ ಮಾಯವಾಗುವ ದೋಷ ನಿಜಕ್ಕೂ ಹೋಯಿತೋ ಇಲ್ಲವೋ ಎಂಬುದನ್ನು ರಿಪೇರಿಯಾದ ಮರುದಿನವೇ ಹೇಳುವುದು ಯಾರಿಂದಲೂ ಆಗದು. ಅಂಗಡಿಯ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಹಾಕುವುದು ಬೇಡವೆಂದು ಯಜಮಾನರು ಕೇಳಿಕೊಂಡಿದ್ದಾರೆ. ಅವರಿಗೆ ಈಗಲೇ ಕೈತುಂಬ ಕೆಲಸವಿದೆ. ಕಾಂಪ್ಲೆಕ್ಸಿನ ಒಳಗೆ ಹೋಗಿ ಹಳೆಯ ಮಾರುತಿಯ ವೈರಿಂಗ್ ಯಾರು ನೋಡುತ್ತಾರೆಂದು ವಿಚಾರಿಸಿದರೆ ದಾರಿ ತೋರಿಸುವವರು ಸಿಗುತ್ತಾರೆ.

ಕಾರಿನ ವಿಷಯ ಸ್ವಲ್ಪ ಹೇಳಬೇಕು. 1983ರ ಡಿಸೆಂಬರಿನಲ್ಲಿ ಮಾರಾಟ ಆರಂಭವಾಗಿ 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಮಾದರಿಯ ಕಾರುಗಳು 25 ಲಕ್ಷಕ್ಕಿಂತಲೂ ಹೆಚ್ಚು ತಯಾರಾದವು, ಅವುಗಳಲ್ಲಿ ಎಷ್ಟೋ ಇಂದಿಗೂ ಮಲೆನಾಡಿನ ತೋಟದ ಮನೆಗಳ ಅಂಗಳದಲ್ಲಿವೆ. ನಮ್ಮದನ್ನು ತಂದೆಯವರು ಹೊಸದಾಗಿ ಕೊಂಡಿದ್ದರು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಅದನ್ನು ಉಳಿಸಿಕೊಂಡು ಬಂದಿದ್ದೇವೆ. ಇದು ಕಾರ್ಬುರೇಟರ್ ಇರುವ ಎಂಜಿನ್. ಇದರಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಲ್ಲ. ಆದ್ದರಿಂದ ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತ ಓದುವ ದಾರಿಯೂ ಇಲ್ಲ. ಇಂದಿನ ಬಹುತೇಕ ಸರ್ವಿಸ್ ಸೆಂಟರುಗಳಲ್ಲಿ ಕೆಲಸ ಕಲಿಯುವ ಹುಡುಗರು ಸ್ಕ್ಯಾನರಿನಿಂದಲೇ ಆರಂಭಿಸುತ್ತಾರೆ, ಅದಿಲ್ಲದ ಕಾರು ಬಂದಾಗ ಅವರಿಗೆ ಉಳಿಯುವ ದಾರಿ ಒಂದೊಂದೇ ಭಾಗವನ್ನು ಬದಲಿಸಿ ನೋಡುವುದು. ನಮಗೆ ಆದದ್ದೂ ಅದೇ.

ತೊಂದರೆ ಆರಂಭವಾದದ್ದು ಕಳೆದ ವರ್ಷದ ಆಷಾಢದಲ್ಲಿ. ಮಳೆ ಹಿಡಿದ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು ಬಂದು, ಎಂಜಿನ್ನನ್ನು ಚಾಲೂ ಮಾಡುವ ಸೆಲ್ಫ್ ಮೋಟಾರು ತಿರುಗುತ್ತಿರಲಿಲ್ಲ. ನಾಲ್ಕೈದು ಸಲ ಪ್ರಯತ್ನಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಲು ಬಿದ್ದ ದಿನ ಯಾವ ತಕರಾರೂ ಇರಲಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಇಂಡಿಕೇಟರ್ ಕೊಟ್ಟರೆ ಅದರ ತಾಳಕ್ಕೆ ಸರಿಯಾಗಿ ಹೆಡ್‌ಲೈಟ್ ಮಂಕಾಗುತ್ತಿತ್ತು. ಇವೆಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ಸಂಗತಿ: ಅರ್ಧ ಗಂಟೆ ಓಡಿದ ಮೇಲೆ, ಗುಂಡಿಯಲ್ಲಿ ಇಳಿದು ಹತ್ತಿದ ಕ್ಷಣದಲ್ಲಿ, ಎಂಜಿನ್ ಯಾರೋ ಕೀ ಆಫ್ ಮಾಡಿದಂತೆ ನಿಂತುಬಿಡುತ್ತಿತ್ತು, ಕೆಲವೊಮ್ಮೆ ಗೇರಿನಲ್ಲಿದ್ದ ವೇಗಕ್ಕೆ ತಾನಾಗಿಯೇ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ನಾವು ಮೊದಲು ತೋರಿಸಿದ ಗ್ಯಾರೇಜಿನವರು ಬ್ಯಾಟರಿ ಹೋಗಿದೆ ಎಂದರು. 3,900 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆವು. ಎರಡು ವಾರ ಚೆನ್ನಾಗಿತ್ತು, ಮಳೆಯೂ ಆ ಎರಡು ವಾರ ಬಿಡುವು ಕೊಟ್ಟಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ತೊಂದರೆ ಮರಳಿದಾಗ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲವೆಂದು ಅದನ್ನು ಬಿಚ್ಚಿ ಬ್ರಷ್, ಬೇರಿಂಗ್, ರೆಗ್ಯುಲೇಟರ್ ಬದಲಿಸಿದರು. 2,800 ರೂಪಾಯಿ ಆಯಿತು. ಎಂಜಿನ್ ನಿಲ್ಲುವುದಕ್ಕೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್, ಪ್ಲಗ್ಗು ಮತ್ತು ಪ್ಲಗ್ ವೈರುಗಳೇ ಕಾರಣವೆಂದು ಇನ್ನೊಂದು ಕಡೆ ಹೇಳಿದರು, ಅದಕ್ಕೆ 3,300. ಹೀಗೆ ಹತ್ತು ಸಾವಿರ ರೂಪಾಯಿಯ ಹೊಸ ಸಾಮಾನು ಕಾರಿನೊಳಗೆ ಸೇರಿತು, ದೋಷ ಇದ್ದಲ್ಲಿಯೇ ಇತ್ತು. ಆ ಗ್ಯಾರೇಜುಗಳವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಅವರಲ್ಲಿಗೆ ಕಾರು ಹೋದಾಗಲೆಲ್ಲ ಅದು ಸುಲಲಿತವಾಗಿ ಸ್ಟಾರ್ಟ್ ಆಗುತ್ತಿತ್ತು, ಕಾಣದ ದೋಷವನ್ನು ಊಹಿಸಿ ಕೆಲಸ ಮಾಡಬೇಕಾದ ಸ್ಥಿತಿ ಅವರದಾಗಿತ್ತು. ಆದರೆ ದೋಷ ಕಾಣಿಸಿಕೊಳ್ಳುವವರೆಗೆ ಕಾಯುವ ವ್ಯವಧಾನವನ್ನು ಅವರಲ್ಲಿ ಯಾರೂ ತೋರಿಸಲಿಲ್ಲ.

ಆಟೋ ಕಾಂಪ್ಲೆಕ್ಸಿನ ಅಂಗಡಿಗೆ ನಾನು ಹೋದದ್ದು ಜನವರಿಯ ಒಂದು ಸೋಮವಾರ. ಯಜಮಾನರಿಗೆ ಅರವತ್ತು ದಾಟಿರಬಹುದು. ಬಾನೆಟ್ ತೆಗೆಯುವ ಮೊದಲು ಅವರು ಒಂದು ಸ್ಟೂಲಿನ ಮೇಲೆ ಕುಳಿತು, ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಸುಮಾರು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಯಾವಾಗ ಬರುತ್ತದೆ, ತಂಪಿನಲ್ಲೋ ಬಿಸಿಯಲ್ಲೋ, ಮಳೆಯಲ್ಲೋ ಒಣಹವೆಯಲ್ಲೋ, ಏನೇನು ಹಾಕಿಕೊಂಡಿದ್ದಾಗ, ತಿರುವಿನಲ್ಲೋ ಗುಂಡಿಯಲ್ಲೋ ಎಂದು ಒಂದೊಂದನ್ನೂ ಬರೆದುಕೊಂಡರು. ಅವರ ಒಂದು ಪ್ರಶ್ನೆ ನನ್ನ ಮನಸ್ಸಿನಲ್ಲಿ ನಿಂತಿದೆ.

“ಮೇಷ್ಟ್ರೇ, ಓಡ್ತಾ ಓಡ್ತಾ ಎಂಜಿನ್ ಆಫ್ ಆಯ್ತಲ್ಲ, ಆಗ ಡ್ಯಾಶ್‌ಬೋರ್ಡಲ್ಲಿ ಚಾರ್ಜ್ ಲೈಟು, ಆಯಿಲ್ ಲೈಟು ಹತ್ಕೊಂಡ್ವಾ, ಇಲ್ಲ ಅವೂ ಸತ್ತು ಹೋಗಿದ್ವಾ?”

ನಾನು ಮಂಡಗದ್ದೆಯ ಸಮೀಪ ಕಾರು ನಿಂತ ರಾತ್ರಿಯನ್ನು ನೆನಪಿಸಿಕೊಂಡೆ. ಹೆಡ್‌ಲೈಟ್ ಉರಿಯುತ್ತಲೇ ಇತ್ತು, ರಸ್ತೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಎದುರಿನ ಕೆಂಪು ದೀಪಗಳಲ್ಲಿ ಒಂದೂ ಇರಲಿಲ್ಲ, ವೈಪರ್ ಗಾಜಿನ ಅರ್ಧಕ್ಕೆ ನಿಂತಿತ್ತು. ಹಾಗೆಂದು ಹೇಳಿದಾಗ ಅವರು ಪುಸ್ತಕ ಮುಚ್ಚಿದರು. ಕಾಯಿಲ್ ಅಥವಾ ಪ್ಲಗ್ಗಿನ ದೋಷದಿಂದ ಎಂಜಿನ್ ನಿಂತಿದ್ದರೆ ಕೀ ಇನ್ನೂ ಆನ್ ಇರುವುದರಿಂದ ಚಾರ್ಜ್ ಮತ್ತು ಆಯಿಲ್ ದೀಪಗಳು ಹೊತ್ತಿಕೊಳ್ಳಲೇಬೇಕಿತ್ತು. ಅವೂ ವೈಪರೂ ಒಟ್ಟಿಗೆ ಸತ್ತಿವೆಯೆಂದರೆ ವಿದ್ಯುತ್ತು ಅವೆಲ್ಲಕ್ಕೂ ಹಿಂದೆಯೇ, ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ ಆಸುಪಾಸಿನಲ್ಲಿ, ತುಂಡಾಗಿದೆ. ಈ ಕಾರಿನಲ್ಲಿ ಹೆಡ್‌ಲೈಟಿಗೆ ಕೀಯ ಹಂಗಿಲ್ಲದ್ದರಿಂದ ಅದು ಉರಿಯುತ್ತ ಉಳಿಯಿತು. ಅಂದರೆ ಬ್ಯಾಟರಿಯ ಟರ್ಮಿನಲ್ಲೂ ಮುಖ್ಯ ಫ್ಯೂಸೂ ಸರಿಯಾಗಿವೆ. ಒಂದು ಸ್ಕ್ರೂ ಸಡಿಲಿಸದೆ, ಒಬ್ಬ ಚಾಲಕನ ನೆನಪನ್ನು ಸರಿಯಾಗಿ ಕೆದಕಿ, ಇಡೀ ಕಾರಿನ ವೈರಿಂಗಿನಲ್ಲಿ ಹುಡುಕಬೇಕಾದ ಜಾಗವನ್ನು ಅವರು ಒಂದು ಗೇಣಿಗೆ ಇಳಿಸಿದ್ದರು. 3,300 ರೂಪಾಯಿಯ ಕಾಯಿಲ್ಲು ಪ್ಲಗ್ಗುಗಳು ಅನವಶ್ಯಕವಾಗಿದ್ದವೆಂಬುದು ನನಗೆ ಆ ಸ್ಟೂಲಿನ ಪಕ್ಕದಲ್ಲಿ ನಿಂತಾಗಲೇ ತಿಳಿಯಿತು.

ಅವರ ಪ್ರಕಾರ ಇವು ಎರಡು ಬೇರೆ ಬೇರೆ ದೋಷಗಳಾಗಿದ್ದವು. ಎಲ್ಲವನ್ನೂ ಒಂದೇ ಕಾಯಿಲೆಯೆಂದು ನಾವು ತಿಳಿದದ್ದೇ ಇಷ್ಟು ದಿನ ದಾರಿ ತಪ್ಪಿಸಿತ್ತು. ಬೆಳಗಿನ ‘ಟಕ್’ ಸದ್ದನ್ನು ಅವರು ಮೊದಲು ಕೈಗೆತ್ತಿಕೊಂಡರು.

ಬ್ಯಾಟರಿಯ ಎರಡು ಕಂಬಗಳ ನಡುವೆ ಮೀಟರ್ ಹಿಡಿದರು: 12.6 ವೋಲ್ಟ್, ಪೂರ್ತಿ ಚಾರ್ಜಾದ ಬ್ಯಾಟರಿ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದರು. ಎಂಜಿನ್ ತಿರುಗುತ್ತಿದ್ದಾಗ 10.6ಕ್ಕೆ ಇಳಿಯಿತು. ಅದೂ ಸರಿಯೇ, 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ಆರೋಗ್ಯವಾಗಿದೆ ಎಂದೇ ಲೆಕ್ಕ. ಆಮೇಲೆ ಅವರು ಮಾಡಿದ್ದು ಹಿಂದಿನ ಯಾವ ಗ್ಯಾರೇಜಿನಲ್ಲೂ ನಾನು ನೋಡದ ಕೆಲಸ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೂ ಇನ್ನೊಂದನ್ನು ಎಂಜಿನ್ನಿನ ಮೈಯ ಮೇಲೂ ಒತ್ತಿ ಹಿಡಿದು ಮತ್ತೆ ಸೆಲ್ಫ್ ಹೊಡೆಸಿದರು. ಈ ಎರಡೂ ದಪ್ಪ ಕೇಬಲಿನಿಂದ ಜೋಡಿಸಲ್ಪಟ್ಟಿರುವುದರಿಂದ ಮೀಟರಿನಲ್ಲಿ ಹೆಚ್ಚು ಕಡಿಮೆ ಸೊನ್ನೆ ಬರಬೇಕು, 0.2 ಅಥವಾ 0.3ರವರೆಗೆ ಸಹಿಸಬಹುದು. ಬಂದದ್ದು 1.9 ವೋಲ್ಟ್.

“ಬ್ಯಾಟ್ರಿ ಚೆನ್ನಾಗೇ ಇದೆ ಮೇಷ್ಟ್ರೇ. ಅಲ್ಲಿಂದ ಹೊರಟಿದ್ದು ವಾಪಸ್ ಬರೋಕೆ ದಾರಿ ಇಲ್ಲ, ಅಷ್ಟೇ.”

ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ಓಮ್‌ನ ನಿಯಮವನ್ನು ಕಪ್ಪು ಹಲಗೆಯ ಮೇಲೆ ಬರೆದವನಾದ ನನಗೆ ಆ 1.9 ಎಂಬ ಅಂಕಿಯನ್ನು ಕಂಡಾಗ ಆದ ಸಂತೋಷವನ್ನು ಹೇಗೆ ಹೇಳಲಿ! 1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮ ಆಟೋ ಕಾಂಪ್ಲೆಕ್ಸಿನ ಶೆಡ್ಡಿನೊಳಗೆ ಒಂದು ಸಣ್ಣ ಮೀಟರಿನ ಪರದೆಯ ಮೇಲೆ ಮೂಡಿತ್ತು. ಸೆಲ್ಫ್ ಮೋಟಾರು ತಿರುಗುವಾಗ ನೂರು ಆಂಪಿಯರಿಗೂ ಹೆಚ್ಚು ವಿದ್ಯುತ್ತು ಹರಿಯುತ್ತದೆ. ಅಷ್ಟು ಹರಿವಿಗೆ ದಾರಿಯಲ್ಲಿ ಒಂದು ಓಮಿನ ನೂರರಲ್ಲಿ ಒಂದು ಭಾಗದಷ್ಟು ಅಡ್ಡಿ ಇದ್ದರೂ ಒಂದು ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ಇಷ್ಟು ಚಿಕ್ಕ ಅಡ್ಡಿಯನ್ನು ಸಾಮಾನ್ಯ ಮೀಟರಿನ ಓಮ್ ಅಳತೆ ತೋರಿಸಲಾರದು. ಅದರ ಎರಡು ವೈರುಗಳ ಅಡ್ಡಿಯೇ ಅದಕ್ಕಿಂತ ಹೆಚ್ಚಿರುತ್ತದೆ. ಹಿಂದಿನ ಗ್ಯಾರೇಜಿನವರು ಇದೇ ಕೇಬಲಿಗೆ ಮೀಟರ್ ಇಟ್ಟು, ‘ಬೀಪ್’ ಸದ್ದು ಬಂದದ್ದನ್ನು ಕೇಳಿ, ಅರ್ಥ್, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ, ಸರಿಯಾಗಿದೆ ಎಂದಿದ್ದರು. ಆ ಬೀಪ್ ಸದ್ದಿಗೆ ಮೀಟರ್ ಹರಿಸುವುದು ಆಂಪಿಯರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ವಿದ್ಯುತ್ತನ್ನು ಮಾತ್ರ, ಕೇಬಲಿನ ಒಂದೇ ಒಂದು ಎಳೆ ಉಳಿದಿದ್ದರೂ ಅಷ್ಟು ದಾಟುತ್ತದೆ. ನಮ್ಮ ಕಡೆಯ ಹಳ್ಳದ ಕಾಲುಸಂಕದ ಮೇಲೆ ಒಬ್ಬ ಮನುಷ್ಯ ದಾಟಿದನೆಂದ ಮಾತ್ರಕ್ಕೆ ಅಡಿಕೆ ಮೂಟೆಯ ಲಾರಿಯನ್ನು ಅದರ ಮೇಲೆ ಹತ್ತಿಸಲಾದೀತೇ? ಹೊರೆ ಹೊರಿಸಿ ನೋಡಿದಾಗಲೇ ಸಂಕದ ಬಲ ತಿಳಿಯುವುದು. ಈ ಅಂಗಡಿಯ ಮೊದಲ ದೊಡ್ಡ ಗುಣ ಇದು: ಅವರು ಯಾವುದನ್ನೂ ಹೊರೆಯಿಲ್ಲದೆ ಅಳೆಯುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿ, ಎಲ್ಲ ದೀಪಗಳನ್ನೂ ಹಾಕಿ, ಆಲ್ಟರ್ನೇಟರಿನ ಹೊರಹರಿವನ್ನು ಅದರದೇ ಮೈಗೆ ಅಳೆದರೆ 14.2 ವೋಲ್ಟ್ ಇತ್ತು. ಅದೇ ಕ್ಷಣ ಬ್ಯಾಟರಿಯ ಬಳಿ 13.1 ಮಾತ್ರ. ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಲೇ ಇತ್ತು, ಅದು ಎಂಜಿನ್ನಿನ ಮೈಗೇ ಅರ್ಥ್ ಆಗಿರುವುದರಿಂದ ಅದರ ವಿದ್ಯುತ್ತು ಸಹ ಅದೇ ಕೆಟ್ಟ ದಾರಿಯಲ್ಲಿ ಸೋರಿ ಕಡಿಮೆಯಾಗುತ್ತಿತ್ತು. ಬ್ಯಾಟರಿಯ ಬಳಿ ಮಾತ್ರ ಅಳೆದವರಿಗೆ ಆಲ್ಟರ್ನೇಟರ್ ಸೋತಂತೆ ಕಂಡದ್ದು ಸಹಜ.

ಇಲ್ಲಿ ಒಂದು ಚಿಕ್ಕ ಸಂಗತಿಯನ್ನು ಬಿಡಲಾರೆ. ಮೂರನೆಯ ಸಲ ಸೆಲ್ಫ್ ಹೊಡೆಸಿದ ಮೇಲೆ ಯಜಮಾನರು ನನ್ನ ಕೈಹಿಡಿದು ಕ್ಲಚ್ ಕೇಬಲಿನ ಮೇಲೆ ಇರಿಸಿದರು. ಅದು ಬೆಚ್ಚಗಿತ್ತು. ಎಂಜಿನ್ ಸ್ಟಾರ್ಟ್ ಆಗಿ ಹತ್ತು ಸೆಕೆಂಡು ಕೂಡ ಆಗಿರಲಿಲ್ಲ, ಕ್ಲಚ್ಚನ್ನು ಯಾರೂ ಒತ್ತಿರಲಿಲ್ಲ. ಎಂಜಿನ್ನಿಗೆ ಸೇರಿಕೊಂಡಿರುವ ಗೇರ್ ಬಾಕ್ಸಿನಿಂದ ಬ್ಯಾಟರಿಗೆ ಮರಳುವ ದಪ್ಪ ದಾರಿ ಮುಚ್ಚಿಹೋದಾಗ ವಿದ್ಯುತ್ತು ಎಂಜಿನ್ನನ್ನೂ ಬಾಡಿಯನ್ನೂ ಸೇರಿಸುವ ಯಾವ ಲೋಹ ಸಿಕ್ಕರೂ ಅದರ ಮೂಲಕ ನುಗ್ಗುತ್ತದೆ, ಇಲ್ಲಿ ಅದಕ್ಕೆ ಸಿಕ್ಕಿದ್ದು ಕ್ಲಚ್ ಕೇಬಲಿನ ಉಕ್ಕಿನ ಹೊದಿಕೆ. ಹಿಂದಿನ ವರ್ಷ ನಮ್ಮ ಕ್ಲಚ್ ಕೇಬಲ್ ಎರಡು ಸಲ ಬಿಗಿಹಿಡಿದು ಬದಲಾಗಿತ್ತು. ಒಳಗಿನ ಗ್ರೀಸು ಸುಟ್ಟು ಅದು ಹಿಡಿದುಕೊಳ್ಳುತ್ತಿತ್ತೆಂಬುದು, ಕ್ಲಚ್ಚಿನ ರಿಪೇರಿಗೂ ವೈರಿಂಗಿಗೂ ಸಂಬಂಧವಿತ್ತೆಂಬುದು ಆವರೆಗೆ ಯಾರಿಗೂ ತೋಚಿರಲಿಲ್ಲ.

ನೆಗೆಟಿವ್ ಕೇಬಲನ್ನು ಬಿಚ್ಚಿ ಕೆಳಗಿಟ್ಟಾಗ ಹೊರಗಿನಿಂದ ಅದು ಗಟ್ಟಿಮುಟ್ಟಾಗಿಯೇ ಇತ್ತು. ಗೇರ್ ಬಾಕ್ಸಿನ ಕಡೆಯ ಲಗ್ಗಿನ (ಕೇಬಲಿನ ತುದಿಗೆ ಒತ್ತಿದ ಲೋಹದ ತುಂಡಿನ) ಹಿಂದೆ ಒಂದು ಅಂಗುಲದಷ್ಟು ರಬ್ಬರ್ ಹೊದಿಕೆಯನ್ನು ಬ್ಲೇಡಿನಿಂದ ಸೀಳಿದರು. ಒಳಗೆ ತಾಮ್ರ ಇರಲಿಲ್ಲ, ಹಸಿರು ಕಿಲುಬು ಇತ್ತು. ಉಗುರಿನಿಂದ ಕೆರೆದರೆ ಒದ್ದೆ ಬೂದಿಯಂತೆ ಉದುರಿತು, ನಡುವೆ ಏಳೆಂಟು ಎಳೆಗಳು ಮಾತ್ರ ಕೆಂಪಗೆ ಉಳಿದಿದ್ದವು. ಮಳೆಗಾಲದ ನೀರು ಲಗ್ಗಿನ ಬಾಯಿಯಿಂದ ಒಳಸೇರಿ ವರ್ಷಗಳ ಕಾಲ ಒಳಗೊಳಗೇ ತಿಂದಿತ್ತು. ಬೋಲ್ಟ್ ಕೂರುವ ಜಾಗದಲ್ಲಿ ಆಯಿಲ್ಲೂ ತುಕ್ಕೂ ಸೇರಿ ಕಪ್ಪು ಪದರವಾಗಿತ್ತು. ಹೊಸ ಕೇಬಲ್ ಹಾಕಿ, ಗೇರ್ ಬಾಕ್ಸಿನ ಮೇಲೂ ಬಾಡಿಯ ಮೇಲೂ ಕೂರುವ ಜಾಗಗಳನ್ನು ಎಮರಿ ಪೇಪರಿನಿಂದ ಬೆಳ್ಳಗೆ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರು. ಮತ್ತೆ ಅಳೆದಾಗ 0.15 ವೋಲ್ಟ್. ಸೆಲ್ಫ್ ತಿರುಗಿದ ರಭಸ ಕೇಳಿದಾಗ ನನಗೆ ತಂದೆಯವರು ಕಾರು ತಂದ ಮೊದಲ ದಿನಗಳು ನೆನಪಾದವು.

ಎರಡನೆಯ ದೋಷ ಇಷ್ಟು ಸುಲಭವಾಗಿ ಸಿಗಲಿಲ್ಲ. ಇಗ್ನಿಷನ್ ಸ್ವಿಚ್ಚಿನ ಮೇಲೆ ಅನುಮಾನವಿದ್ದರೂ ನೇರವಾಗಿ ಸ್ವಿಚ್ ಬದಲಿಸಲು ಯಜಮಾನರು ಒಪ್ಪಲಿಲ್ಲ. ಅನುಮಾನದ ಮೇಲೆ ಬದಲಿಸಿದ ಭಾಗ ದೋಷವನ್ನು ಮುಚ್ಚಿಡಬಹುದು, ಕಳೆಯಲಿಕ್ಕಿಲ್ಲ, ಮೊದಲು ಕಣ್ಣಿನಿಂದ ನೋಡಬೇಕು ಎಂಬುದು ಅವರ ನಿಲುವು. ಅದಕ್ಕಾಗಿ ಅವರು ಮಾಡಿದ ಏರ್ಪಾಡು ಎಷ್ಟು ಸರಳವೋ ಅಷ್ಟೇ ಜಾಣತನದ್ದು. ಮೂರು ಸಣ್ಣ ಬಲ್ಬುಗಳಿಗೆ ಉದ್ದನೆಯ ವೈರು ಜೋಡಿಸಿ, ಒಂದನ್ನು ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ವೈರಿಗೆ, ಎರಡನೆಯದನ್ನು ಸ್ವಿಚ್ಚಿನಿಂದ ಹೊರಡುವ, ಕಪ್ಪು ಮೈಮೇಲೆ ಬಿಳಿ ಗೆರೆಯಿರುವ ವೈರಿಗೆ, ಮೂರನೆಯದನ್ನು ಕಾಯಿಲ್ಲಿನ ಪಾಸಿಟಿವ್‌ಗೆ ಕೊಟ್ಟು, ಮೂರನ್ನೂ ಸಾಲಾಗಿ ಡ್ಯಾಶ್‌ಬೋರ್ಡಿನ ಮೇಲೆ ಟೇಪಿನಿಂದ ಅಂಟಿಸಿದರು. ನಾನು ಓಡಿಸಬೇಕು, ಪಕ್ಕದಲ್ಲಿ ಕುಳಿತ ಹುಡುಗ ಬಲ್ಬುಗಳಿಂದ ಕಣ್ಣು ತೆಗೆಯಬಾರದು, ಹಿಂದಿನ ಸೀಟಿನಲ್ಲಿ ಯಜಮಾನರು.

ಗಾಜನೂರಿನ ಕಡೆಗೆ ಹೋಗಿ ಬಂದೆವು. ಏನೂ ಆಗಲಿಲ್ಲ. ಮತ್ತೆ ಹೋದೆವು, ಆಗಲೂ ಇಲ್ಲ. ಹಿಂದಿನ ಗ್ಯಾರೇಜುಗಳಲ್ಲಿ ಇಲ್ಲಿಗೆ ಕೆಲಸ ಮುಗಿಯುತ್ತಿತ್ತು. ಯಜಮಾನರು ತಮ್ಮ ಪುಸ್ತಕ ತೆರೆದು ನಾನು ಹೇಳಿದ್ದನ್ನು ಓದಿದರು: ಅರ್ಧ ಗಂಟೆಯ ನಂತರ, ಮಳೆಯಲ್ಲಿ. ಹೊರಗೆ ಜನವರಿಯ ಬಿಸಿಲು. ಮಳೆಯಲ್ಲಿ ಕಾರಿನಲ್ಲಿ ಏನೇನು ಓಡುತ್ತಿರುತ್ತದೆಂದು ಯೋಚಿಸಿ, ಗಾಜಿನ ಮೇಲೆ ನೀರು ಸುರಿದು ವೈಪರ್ ಹಾಕಿಸಿದರು, ಬ್ಲೋವರ್ ಪೂರ್ತಿ ತಿರುಗಿಸಿದರು, ಹಾಡಿನ ಸೆಟ್ಟನ್ನೂ ಹಾಕಿಸಿದರು. ಮೂರನೆಯ ಸುತ್ತಿನಲ್ಲಿ, ಹೊರಟು ನಲವತ್ತು ನಿಮಿಷವಾಗಿದ್ದಾಗ, ಒಂದು ರೋಡ್ ಹಂಪಿನ ಮೇಲೆ ಎಂಜಿನ್ ಕ್ಷಣಮಾತ್ರ ಉಸಿರು ಕಟ್ಟಿ ಮತ್ತೆ ಹಿಡಿಯಿತು. “ಒಂದ್ನೇದು ಇತ್ತು! ಎರಡು, ಮೂರು ಹೋಯ್ತು!” ಎಂದು ಹುಡುಗ ಕೂಗಿದ. ಸ್ವಿಚ್ಚಿಗೆ ಬರುವಲ್ಲಿ ವಿದ್ಯುತ್ತಿದೆ, ಸ್ವಿಚ್ಚಿನಿಂದ ಹೊರಡುವಲ್ಲಿ ಇಲ್ಲ. ಆರು ತಿಂಗಳ ಊಹೆಗಳೆಲ್ಲ ಆ ಕೂಗಿನೊಂದಿಗೆ ಮುಗಿದವು.

ಸ್ಟಿಯರಿಂಗ್ ಕೆಳಗಿನ ಹೊದಿಕೆ ತೆಗೆದು ಸ್ವಿಚ್ಚಿನ ಹಿಂದೆ ವೈರುಗಳನ್ನು ಜೋಡಿಸುವ ಕಪ್ಲರನ್ನು ಎಳೆದಾಗ ಕಾರಣ ಅಂಗೈಗೆ ಬಂತು. ಬಿಳಿಯ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ ಕರಗಿ ಜಗ್ಗಿತ್ತು, ಅಲ್ಲಿದ್ದ ಹಿತ್ತಾಳೆಯ ಟರ್ಮಿನಲ್ ತನ್ನ ಬಿಗಿ ಕಳೆದುಕೊಂಡು ಬಾಯಿ ಅಗಲಿಸಿತ್ತು. ಅಲ್ಲಿ ಒಂದು ಓಮಿನ ಹತ್ತರಲ್ಲೊಂದು ಭಾಗದಷ್ಟು ಅಡ್ಡಿ ಇದ್ದು ಹತ್ತು ಆಂಪಿಯರ್ ಹರಿದರೂ ಹತ್ತು ವ್ಯಾಟ್ ಶಾಖ ಹುಟ್ಟುತ್ತದೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಜಾಗಕ್ಕೆ ಅದು ಸಣ್ಣ ಶಾಖವಲ್ಲ. ಬಿಸಿಗೆ ಹಿತ್ತಾಳೆ ಸಡಿಲವಾಗುತ್ತದೆ, ಸಡಿಲವಾದಷ್ಟೂ ಅಡ್ಡಿ ಹೆಚ್ಚುತ್ತದೆ, ಅಡ್ಡಿ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ. ತಣ್ಣಗಾದಾಗ ಮತ್ತೆ ಅಂಟಿಕೊಂಡು ಕೆಲಸ ಮಾಡುತ್ತದೆ. ಗ್ಯಾರೇಜಿಗೆ ಒಯ್ದಾಗಲೆಲ್ಲ ಕಾರು ಸರಿಯಾಗಿಯೇ ಇರುತ್ತಿದ್ದುದರ ಮರ್ಮ ಇದೇ.

ಆ ಟರ್ಮಿನಲ್ ಅಷ್ಟು ಬಿಸಿಯಾದದ್ದೇಕೆ ಎಂಬ ಪ್ರಶ್ನೆಯನ್ನು ಯಜಮಾನರು ತಾವೇ ಕೇಳಿಕೊಂಡರು, ಇದಕ್ಕಾಗಿ ನಾನು ಅವರಿಗೆ ವಿಶೇಷವಾಗಿ ಕೃತಜ್ಞ. ಹೊಸ ಕಪ್ಲರ್ ಹಾಕಿ ಕಳಿಸಿದ್ದರೆ ವರ್ಷದೊಳಗೆ ಅದೂ ಸುಡುತ್ತಿತ್ತು. ವೈರಿಂಗಿನ ಟೇಪು ಬಿಚ್ಚುತ್ತ ಹೋದಾಗ, ಹಿಂದೆ ಎಂದೋ ಹಾಡಿನ ಸೆಟ್ಟು ಮತ್ತು ಅದರ ಆಂಪ್ಲಿಫಯರ್ ಕೂರಿಸಿದವರು ಅವಕ್ಕೆ ವಿದ್ಯುತ್ತನ್ನು ಅದೇ ಕಪ್ಪು ಬಿಳಿ ವೈರಿನ ಮೈ ಕೆರೆದು, ಇನ್ನೊಂದು ವೈರು ಸುತ್ತಿ, ಟೇಪು ಹಚ್ಚಿ ಕೊಟ್ಟಿದ್ದು ಕಂಡಿತು. ಕಾರ್ಖಾನೆಯವರು ಎಂಜಿನ್ನಿಗೂ ವೈಪರಿಗೂ ಲೆಕ್ಕಹಾಕಿ ಕೊಟ್ಟ ದಾರಿಯ ಮೇಲೆ ಆಂಪ್ಲಿಫಯರಿನ ಹೊರೆಯನ್ನೂ ಹೇರಿದ್ದರು. ಹೊಸದಾಗಿ ಏನಾದರೂ ಕೂರಿಸುವಾಗ ಹತ್ತಿರ ಸಿಕ್ಕ ವೈರಿಗೆ ಸುತ್ತಿಬಿಡುವ ಈ ಅಭ್ಯಾಸ ನಮ್ಮಲ್ಲಿ ಎಷ್ಟು ಹಳೆಯ ಕಾರುಗಳನ್ನು ಹಾಳು ಮಾಡಿದೆಯೋ ಲೆಕ್ಕವಿಲ್ಲ. ಯಜಮಾನರು ಆ ಸುತ್ತುಗಳನ್ನೆಲ್ಲ ತೆಗೆದು, ಆಂಪ್ಲಿಫಯರಿಗೆ ಬ್ಯಾಟರಿಯಿಂದಲೇ ಬೇರೆ ಫ್ಯೂಸ್ ಮತ್ತು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ಹೊರೆಯನ್ನು ಆನ್ ಮಾಡುವ ಸ್ವಿಚ್ಚು) ಇಟ್ಟು ವಿದ್ಯುತ್ತು ಕೊಟ್ಟರು. ಹೆಡ್‌ಲೈಟಿನಲ್ಲಿ ಯಾರೋ ಹಾಕಿದ್ದ 100/90 ವ್ಯಾಟಿನ ಬಲ್ಬುಗಳನ್ನೂ ತೆಗೆದು 60/55 ವ್ಯಾಟಿನವನ್ನು ಹಾಕಲು ಹೇಳಿದರು, ಮನೆಯಲ್ಲಿದ್ದ ಹಳೆಯ ಜೋಡಿಯನ್ನೇ ಮರುದಿನ ತಂದುಕೊಟ್ಟೆ. ಹೆಡ್‌ಲೈಟಿಗೂ ಒಂದು ರಿಲೇ ಬಂತು. ಸೀಟಿನ ಕೆಳಗೆ ಇಲಿ ಕಡಿದಿದ್ದ ಎರಡು ವೈರುಗಳು ಸಿಕ್ಕವು; ಅಡಿಕೆ ಅಂಗಳದ ಪಕ್ಕ ನಿಲ್ಲುವ ಕಾರಿಗೆ ಅದು ತಪ್ಪದು.

ಕೆಲಸದ ಅಚ್ಚುಕಟ್ಟಿನ ಬಗ್ಗೆ ಹೇಳುವುದಾದರೆ, ಪ್ರತಿ ಜೋಡಣೆಯನ್ನೂ ಲಗ್ಗು ಒತ್ತಿ, ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿ ಮಾಡಿದ್ದಾರೆ; ಸುತ್ತಿ ಟೇಪು ಹಚ್ಚಿದ್ದು ಎಲ್ಲಿಯೂ ಇಲ್ಲ. ಹೊಸ ವೈರುಗಳು ಮೂಲ ಬಣ್ಣದವೇ, ಇದರಿಂದ ಮುಂದೆ ಬಿಚ್ಚುವವರಿಗೆ ದಾರಿ ತಪ್ಪುವುದಿಲ್ಲ. ನಾನು ಕೇಳಿದಾಗ ರಿಲೇಗಳ ಜಾಗ ಮತ್ತು ಫ್ಯೂಸಿನ ಆಂಪಿಯರನ್ನು ಒಂದು ರಟ್ಟಿನ ಚೂರಿನ ಮೇಲೆ ಬರೆದುಕೊಟ್ಟರು. ಒಂದೇ ಕೊರತೆ: ಎಂಜಿನ್ ಬದಿಯ ವೈರಿಂಗಿಗೆ ಸುತ್ತಿದ ಪಿವಿಸಿ ಟೇಪು ಬೇಸಿಗೆಯ ಹೊತ್ತಿಗೆ ಕರಗಿ ಜಿಗುಟಾಯಿತು. ಅಲ್ಲಿ ಬಟ್ಟೆಯ ಟೇಪು ಬಳಸಬೇಕಿತ್ತು. ಏಪ್ರಿಲಿನಲ್ಲಿ ತೋರಿಸಿದಾಗ ತಪ್ಪನ್ನು ಒಪ್ಪಿ, ಹಣ ತೆಗೆದುಕೊಳ್ಳದೆ, ಅರ್ಧ ದಿನ ಕುಳಿತು ಬದಲಿಸಿಕೊಟ್ಟರು.

ಖರ್ಚು ಒಟ್ಟು 3,650 ರೂಪಾಯಿ. ಅದರಲ್ಲಿ ಸಾಮಾನಿಗೆ 1,450: ನೆಗೆಟಿವ್ ಕೇಬಲ್ 350, ಕಪ್ಲರ್ ಸಮೇತ ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟ್ ಭಾಗ 480, ಎರಡು ರಿಲೇಗಳು 340, ವೈರು ಫ್ಯೂಸು ಇತ್ಯಾದಿ 280. ಉಳಿದ 2,200 ಕೂಲಿ. ಕೂಲಿಯ ಅಂಕಿ ನೋಡಿ ಹೆಚ್ಚೆನ್ನುವವರು ಇದ್ದಾರೆ, ನಮ್ಮ ಮನೆಯಲ್ಲಿಯೂ ಆ ಮಾತು ಬಂತು. ಆದರೆ ಸಾಮಾನಿನ ಬೆಲೆಗೆ ಮಾತ್ರ ಹಣ ಕೊಡುತ್ತೇವೆ, ಹುಡುಕಿದ ಹೊತ್ತಿಗೆ ಕೊಡುವುದಿಲ್ಲ ಎನ್ನುವ ನಮ್ಮ ಹಟವೇ ಮೆಕ್ಯಾನಿಕ್ಕುಗಳನ್ನು ಸಾಮಾನು ಬದಲಿಸುವವರನ್ನಾಗಿ ಮಾಡಿದೆ ಎಂದು ನನಗೆ ಈಗ ಖಚಿತವಾಗಿ ಅನ್ನಿಸುತ್ತದೆ. ಎರಡು ದಿನದಲ್ಲಿ ಮೂರು ಸಲ ಗಾಜನೂರಿನ ರಸ್ತೆಯಲ್ಲಿ ಓಡಿದ್ದು, ಮೂರು ಬಲ್ಬು ಅಂಟಿಸಿ ಕಾದದ್ದು, ಇವೇ ನಾನು ಕೊಂಡ ಸೇವೆ.

ಅನಾನುಕೂಲಗಳು ಇವೆ. ಕೂರಲು ಜಾಗವಿಲ್ಲ, ಬಿಸಿಲಿಗೆ ಶೆಡ್ಡು ಕಾಯುತ್ತದೆ, ಪಕ್ಕದ ಟಿಂಕರಿಂಗ್ ಸದ್ದಿಗೆ ಮಾತು ಕೇಳಿಸುವುದಿಲ್ಲ. ಕಾರು ಯಾವಾಗ ಸಿಗುತ್ತದೆಂದು ಅವರು ಎಂದಿಗೂ ಹೇಳುವುದಿಲ್ಲ. ದೂರದವರು ರಾತ್ರಿ ಉಳಿಯುವ ಏರ್ಪಾಡಿನೊಂದಿಗೆ ಬರಬೇಕು. ಕೇಳದಿದ್ದರೆ ಬಿಲ್ ಬರೆಯುವುದಿಲ್ಲ. ಏರ್‌ಬ್ಯಾಗ್ ಇರುವ ಕಾರುಗಳ ಸ್ಟಿಯರಿಂಗ್ ಬದಿಯ ವೈರಿಂಗನ್ನು ಅವರು ಮುಟ್ಟುವುದಿಲ್ಲ, ಹೊಸ ಕಾರಿನವರು ಇಲ್ಲಿಗೆ ಬರುವ ಅಗತ್ಯವೂ ಇಲ್ಲ.

ಹೋಗುವವರು ಮುಂಚಿನ ಒಂದೆರಡು ವಾರ ಕಾರಿನಲ್ಲಿ ಒಂದು ನೋಟ್ ಪುಸ್ತಕ ಇಟ್ಟುಕೊಂಡು, ತೊಂದರೆ ಬಂದಾಗಲೆಲ್ಲ ಹೊತ್ತು, ಹವೆ, ಓಡಿದ ದೂರ, ಆಗ ಹಾಕಿಕೊಂಡಿದ್ದ ದೀಪ ಮತ್ತು ಸ್ವಿಚ್ಚುಗಳು, ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡ ಅಥವಾ ಆರಿಹೋದ ದೀಪಗಳು, ಇವಿಷ್ಟನ್ನು ಅಲ್ಲಿಯೇ ನಿಂತು ಬರೆದುಕೊಳ್ಳಿ. ಯಜಮಾನರು ಮೊದಲು ಕೇಳುವುದು ಅದನ್ನೇ. ಹಿಂದೆ ಯಾರಾದರೂ ಹೊಸದಾಗಿ ಕೂರಿಸಿದ ಹಾರ್ನು, ಸೆಟ್ಟು, ಸೆಂಟ್ರಲ್ ಲಾಕ್, ಹೆಚ್ಚಿನ ದೀಪಗಳ ವಿವರವನ್ನೂ ಮುಚ್ಚಿಡದೆ ಹೇಳಿ. ದೋಷ ಕಾಣಿಸದ ದಿನ ಬ್ಯಾಟರಿ ಟರ್ಮಿನಲ್ ಬಿಚ್ಚಿ ತಿಕ್ಕಿಕೊಂಡು ಹೋಗಬೇಡಿ. ಸುಳಿವು ಅಳಿಸಿಹೋದರೆ ಅವರಿಗೆ ಬೇಸರವಾಗುತ್ತದೆ.

ನಮ್ಮ ಕಾರಿನಲ್ಲಿ ಈಗ ಉಳಿದಿರುವುದು ಹಿಂಬದಿಯ ಎಡಗಡೆಯ ಬ್ರೇಕ್ ದೀಪ ಆಗೊಮ್ಮೆ ಈಗೊಮ್ಮೆ ಕೈಕೊಡುವುದು. ಫೋನಿನಲ್ಲಿ ಹೇಳಿದಾಗ, ಹಿಂದಿನ ಇಂಡಿಕೇಟರ್ ಹಾಕಿದಾಗ ಆ ದೀಪ ಮಿಣುಕುತ್ತದೆಯೇ ಎಂದು ಕೇಳಿದರು. ಮಿಣುಕುತ್ತದೆ ಎಂದೆ. “ಹಂಗಾದ್ರೆ ಅದೂ ಅರ್ಥೇ” ಎಂದು, ಕೊಯ್ಲು ಮುಗಿಸಿಕೊಂಡು ಬರಲು ಹೇಳಿದ್ದಾರೆ.